ಶೇಡಿಂಗ್ ಮಾಡಿದರೂ ಚಿತ್ರ ಚಪ್ಪಟೆ ಕಾಣುತ್ತಿದೆಯೇ? ದೋಷ ಹುಡುಕುವ ದಾರಿ

ಮಾವಿನಹಣ್ಣಿನ ಆಕಾರ ಸರಿಯಾಗಿ ಬಂದಿದೆ. ಒಂದು ಪಕ್ಕ ಕಪ್ಪಾಗಿಸಿದ್ದೀರಿ, ಇನ್ನೊಂದು ಪಕ್ಕ ರಬ್ಬರಿನಲ್ಲಿ ಒಂದು ಬಿಳಿ ಚುಕ್ಕೆ ಎತ್ತಿದ್ದೀರಿ. ಆದರೂ ಹಣ್ಣು ಉಬ್ಬಿ ಬರುತ್ತಿಲ್ಲ. ಕತ್ತರಿಸಿ ಅಂಟಿಸಿದ ಹಾಗೆ ಹಾಳೆಯ ಮೇಲೆ ಬಿದ್ದುಕೊಂಡಿದೆ. ಈ ಹಂತದಲ್ಲಿ ಹೆಚ್ಚಿನವರ ಕೈ ಹೋಗುವುದು ಪೇಪರ್ ಸ್ಟಂಪ್ ಕಡೆಗೆ, ಅಂದರೆ ಶೇಡಿಂಗ್ ಉಜ್ಜಿ ಹರಡುವ ಕಾಗದದ ಸುರುಳಿ ಕಡ್ಡಿಯ ಕಡೆಗೆ. ಅದಿಲ್ಲದಿದ್ದರೆ ಬೆರಳು ಇದ್ದೇ ಇದೆ. ಉಜ್ಜಿದಷ್ಟೂ ಚಿತ್ರ ನುಣುಪಾಗುತ್ತದೆ, ಆಳ ಮಾತ್ರ ಬರುವುದಿಲ್ಲ.

ನಾನು ನೋಡಿದ ಮಟ್ಟಿಗೆ, ಚಪ್ಪಟೆ ಚಿತ್ರದಲ್ಲಿ ಕೆಟ್ಟಿರುವುದು ಒಂದು ಲೆಕ್ಕ. ಯಾವ ಜಾಗ ಯಾವುದಕ್ಕಿಂತ ಕಪ್ಪು ಅನ್ನುವ ಲೆಕ್ಕ. ಅದು ಸರಿಯಿದ್ದರೆ ಒರಟು ಗೀರುಗಳಲ್ಲೂ ಹಣ್ಣು ಉಬ್ಬುತ್ತದೆ. ತಪ್ಪಿದ್ದರೆ ಎಷ್ಟು ಉಜ್ಜಿದರೂ ಆಗುವುದಿಲ್ಲ. ಹಾಗಾಗಿ ಇಲ್ಲಿ ಉಜ್ಜುವ ವಿಷಯ ಕೊನೆಗೆ ಬರುತ್ತದೆ. ಹೇಳುತ್ತಿರುವುದು ಪೆನ್ಸಿಲ್ ಚಿತ್ರದ ಬಗ್ಗೆ. ಇದ್ದಿಲಿಗೂ ಬಹುಪಾಲು ಹೊಂದುತ್ತದೆ.

ಮೊದಲು ಪೆನ್ಸಿಲ್ ಕೆಳಗಿಡಿ

ಚಿತ್ರವನ್ನು ಗೋಡೆಗೆ ಒರಗಿಸಿ ಆರೇಳು ಅಡಿ ಹಿಂದೆ ಸರಿಯಿರಿ. ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣ ವಿವರಗಳೆಲ್ಲ ಮಾಯವಾಗಿ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಬೆಳಕು, ನಡುವಿನ ಬೂದು, ಕಪ್ಪು ಅಂತ ಮೂರು ತುಂಡು ಬೇರೆ ಬೇರೆ ಕಂಡರೆ ನಿಮ್ಮ ಕಾಯಿಲೆ ಸಣ್ಣದು. ಎಲ್ಲಾ ಸೇರಿ ಒಂದೇ ಬೂದು ಮುದ್ದೆಯಾದರೆ ದೊಡ್ಡದು. ಎದುರಿಗಿಟ್ಟ ವಸ್ತುವನ್ನೂ ಹಾಗೇ ಕಣ್ಣು ಕಿರಿದು ಮಾಡಿ ನೋಡಬೇಕು. ವಸ್ತುವನ್ನು ಪೂರ್ತಿ ಕಣ್ಣಲ್ಲಿ, ಚಿತ್ರವನ್ನು ಅರ್ಧ ಕಣ್ಣಲ್ಲಿ ನೋಡಿದರೆ ಹೋಲಿಕೆ ಕೆಡುತ್ತದೆ.

ಎರಡನೆಯದು ಫೋನ್. ಚಿತ್ರದ್ದೊಂದು, ವಸ್ತುವಿನದ್ದೊಂದು ಫೋಟೋ ತೆಗೆದು ಎರಡನ್ನೂ ಕಪ್ಪು ಬಿಳುಪು ಮಾಡಿ ಪಕ್ಕಪಕ್ಕ ಇಡಿ. ಬಣ್ಣ ಹೋದ ಮೇಲೆ ಸುಳ್ಳು ಬೇಗ ಸಿಕ್ಕಿಬೀಳುತ್ತದೆ.

ಮೂರನೆಯದಕ್ಕೆ ಖರ್ಚೇ ಇಲ್ಲ. ಒಂದು ಚೂರು ಬಿಳಿ ರಟ್ಟಿಗೆ ಪಂಚಿಂಗ್ ಮಷೀನಿನಲ್ಲಿ ಎರಡು ತೂತು ಹೊಡೆಯಿರಿ. ಅದನ್ನು ಚಿತ್ರದ ಮೇಲಿಟ್ಟು, ಒಂದು ತೂತಿನಲ್ಲಿ ಬೆಳಕಿನ ಭಾಗ, ಇನ್ನೊಂದರಲ್ಲಿ ನೆರಳಿನ ಭಾಗ ಬರುವಂತೆ ಸರಿಸಿ. ಸುತ್ತಲಿನದೆಲ್ಲ ಮುಚ್ಚಿಹೋಗಿ ಎರಡು ಬೂದು ಮಾತ್ರ ಉಳಿಯುತ್ತವೆ. ಯಾವುದು ಕಪ್ಪು ಅಂತ ಆಗ ಹೇಳಿ. ಎಷ್ಟೋ ಸಲ ಎರಡೂ ಒಂದೇ ಆಗಿರುತ್ತವೆ! ಈ ರಟ್ಟು ಮುಂದೆಯೂ ಬೇಕಾಗುತ್ತದೆ, ಎಸೆಯಬೇಡಿ.

ಲಕ್ಷಣ: ಎಲ್ಲಾ ಬೂದು, ಕಪ್ಪೇ ಇಲ್ಲ

ಜಾಸ್ತಿ ಕಾಣುವ ದೋಷ ಇದು. ಕಾರಣ ಮೂರು ಕಡೆ ಇರಬಹುದು: ಪೆನ್ಸಿಲ್, ಹಾಳೆ, ಕೈ. ಯಾವುದು ಅಂತ ಹೀಗೆ ಬೇರ್ಪಡಿಸಿ.

ಒಂದು ಬೇರೆ ಹಾಳೆಯ ಮೇಲೆ ನಿಮ್ಮ ಪೆನ್ಸಿಲನ್ನು ಆದಷ್ಟು ಒತ್ತಿ ಗೀಚಿ. ಒತ್ತಿದರೂ ಬೂದಾಗಿಯೇ ಉಳಿದು ಮಿರುಗಿದರೆ ಅದು ಪೆನ್ಸಿಲಿನ ಮಿತಿ. ಪೆನ್ಸಿಲಿನ ಸೀಸ ಅಂತ ನಾವು ಕರೆಯುವುದರಲ್ಲಿ ಸೀಸ ಇಲ್ಲ, ಗ್ರಾಫೈಟ್ ಮತ್ತು ಜೇಡಿಮಣ್ಣು ಇದೆ. ಎರಡನ್ನೂ ಬೆರೆಸಿ ಸುಡುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಜಾಸ್ತಿಯಾದರೆ ಸೀಸ ಗಟ್ಟಿ, ಗೆರೆ ತಿಳಿ. ಅದು ಎಚ್ ಸಾಲು. ಗ್ರಾಫೈಟ್ ಜಾಸ್ತಿಯಾದರೆ ಮೆತ್ತಗೆ, ಗೆರೆ ಕಪ್ಪು. ಅದು ಬಿ ಸಾಲು. ಅಕ್ಷರದ ಮೊದಲಿರುವ ಅಂಕಿ ದೊಡ್ಡದಾದಷ್ಟೂ ಆ ಗುಣ ಜಾಸ್ತಿ. ಶಾಲೆಯ ಜಾಮಿಟ್ರಿ ಬಾಕ್ಸಿನಲ್ಲಿರುವ ಎಚ್‌ಬಿ ನಡುವಿನದು. ಅದರಿಂದ ನಿಜವಾದ ಕಪ್ಪು ಕೇಳುವುದು ನ್ಯಾಯವಲ್ಲ. ಇಡೀ ಪೆಟ್ಟಿಗೆ ಕೊಳ್ಳುವ ಅಗತ್ಯವೂ ಇಲ್ಲ. 2ಎಚ್, ಎಚ್‌ಬಿ, 2ಬಿ, 6ಬಿ ನಾಲ್ಕು ಸಾಕು. ಅಪ್ಸರಾ, ಕ್ಯಾಮ್ಲಿನ್ ಯಾವುದಾದರೂ ಸರಿ, ಬಿಡಿಯಾಗಿಯೂ ಸಿಗುತ್ತವೆ.

6ಬಿ ಕೈಯಲ್ಲಿದ್ದೂ ಕಪ್ಪು ಹತ್ತದೆ ಜಾರುತ್ತಿದ್ದರೆ ಹಾಳೆ ನೋಡಿ. ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 70–80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ), ಮೇಲ್ಮೈ ನುಣುಪು. ಗ್ರಾಫೈಟ್ ಹಿಡಿದುಕೊಳ್ಳಲು ಅದರಲ್ಲಿ ತರಿ ಇರುವುದಿಲ್ಲ. ಚಾರ್ಟ್ ಪೇಪರ್ ಇನ್ನೂ ಕಷ್ಟ. 130 ಜಿಎಸ್‌ಎಂಗೆ ಮೇಲಿನ ಕಾರ್ಟ್ರಿಡ್ಜ್ ಹಾಳೆ (ಡ್ರಾಯಿಂಗಿಗೆಂದೇ ಮಾಡಿದ ದಪ್ಪ ಹಾಳೆ) ತಗೊಳ್ಳಿ. ಅಂಗಡಿಯಲ್ಲಿ ಕೊಳ್ಳುವ ಮುಂಚೆ ಅಂಚಿನ ಮೇಲೆ ಬೆರಳು ಸವರಿ. ಸಣ್ಣ ತರಿತರಿ ಸಿಕ್ಕಿದರೆ ಕೆಲಸಕ್ಕೆ ಬರುತ್ತದೆ.

ಪೆನ್ಸಿಲೂ ಹಾಳೆಯೂ ಸರಿಯಿದ್ದರೆ ಉಳಿದದ್ದು ಭಯ. ಕಪ್ಪು ಹಾಕಿದರೆ ಚಿತ್ರ ಹಾಳಾಗುತ್ತದೆ ಅಂತ ಎಲ್ಲರೂ ಮೆಲ್ಲಗೆ ತಿಳಿ ಪದರ ಹಾಕುತ್ತಾ ಹೋಗುತ್ತಾರೆ. ಪ್ರತಿ ಪದರವೂ ತನ್ನ ಪಕ್ಕದ್ದಕ್ಕಿಂತ ಸ್ವಲ್ಪವೇ ಕಪ್ಪು. ಕೊನೆಗೆ ಸಿಗುವುದು ಬೂದು. ಇದಕ್ಕೆ ಮದ್ದು ಉಲ್ಟಾ ಕ್ರಮ. ತೆಳು ಸ್ಕೆಚ್ ಆದ ಕೂಡಲೇ ಚಿತ್ರದ ಅತ್ಯಂತ ಕಪ್ಪು ಜಾಗ ಒಂದನ್ನು ಹುಡುಕಿ. ಸಾಮಾನ್ಯವಾಗಿ ಅದು ಹಣ್ಣು ಮೇಜನ್ನು ಮುಟ್ಟುವ ಸಂದು, ಇಲ್ಲವೇ ಮೂಗಿನ ಹೊಳ್ಳೆ, ಕಿವಿಯ ಹಿಂದು. ಅಲ್ಲಿ 6ಬಿ ಹಾಕಿ ಪೂರ್ತಿ ಕಪ್ಪು ಮಾಡಿ. ಅತ್ಯಂತ ಬಿಳಿಯ ಜಾಗವನ್ನು ಮುಟ್ಟಬೇಡಿ. ಈಗ ಎರಡು ತುದಿ ಸಿಕ್ಕಿದವು, ಮಿಕ್ಕ ಬೂದುಗಳೆಲ್ಲ ಇವೆರಡರ ನಡುವೆ ಎಲ್ಲಿ ಕೂರಬೇಕು ಅಂತ ನೋಡಿದರೆ ಆಯ್ತು.

ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ತಯಾರಾಗುವ ಮಕ್ಕಳಿಗೆ ನಾನು ಇದೊಂದನ್ನೇ ಹೇಳುವುದು: ಸಮಯ ಮುಗಿಯುವಾಗ ಕಪ್ಪು ಹಾಕಬೇಡಿ, ಶುರುವಿನಲ್ಲೇ ಹಾಕಿ.

ಲಕ್ಷಣ: ನೆರಳು ಎಲ್ಲಿಂದ ಎಲ್ಲಿಗೆ ಅಂತಲೇ ತಿಳಿಯುತ್ತಿಲ್ಲ

ಮೇಜಿನ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ ಎಷ್ಟು ನೆರಳು ಬೀಳುತ್ತವೆ ಎಣಿಸಿ. ಎರಡು, ಮೂರು ಬಿದ್ದರೆ ದೋಷ ನಿಮ್ಮದಲ್ಲ, ಕೋಣೆಯದು. ನಮ್ಮ ಊರಿನ ಮನೆಗಳಲ್ಲಿ ಒಂದು ಕಡೆ ಕಿಟಕಿ, ಮೇಲೆ ಟ್ಯೂಬ್‌ಲೈಟ್, ಕಿಟಕಿಯಾಚೆ ಕೈಗೆಟುಕುವಷ್ಟು ಹತ್ತಿರದಲ್ಲಿ ಪಕ್ಕದ ಮನೆಯ ಬಿಳಿ ಗೋಡೆ. ಮೂರೂ ಕಡೆಯಿಂದ ಬೆಳಕು ಸುರಿದರೆ ನೆರಳುಗಳು ಒಂದನ್ನೊಂದು ಅಳಿಸುತ್ತವೆ. ಟ್ಯೂಬ್‌ಲೈಟ್ ಆರಿಸಿ. ಕಿಟಕಿ ಅಥವಾ ಒಂದು ಟೇಬಲ್ ಲ್ಯಾಂಪ್, ಎರಡರಲ್ಲಿ ಒಂದು ಸಾಕು. ಲ್ಯಾಂಪನ್ನು ವಸ್ತುವಿನ ಪಕ್ಕಕ್ಕೆ, ಸ್ವಲ್ಪ ಮೇಲೆ, ಸ್ವಲ್ಪ ಮುಂದೆ ಇಡಿ. ತೀರಾ ಎದುರಿಗಿಟ್ಟರೆ ನೆರಳೆಲ್ಲ ವಸ್ತುವಿನ ಹಿಂದೆ ಅಡಗಿಬಿಡುತ್ತದೆ. ಫೋನಿನ ಫ್ಲ್ಯಾಶ್ ಹಾಕಿ ತೆಗೆದ ಫೋಟೋ ನೋಡಿ ಬರೆದ ಮುಖಗಳು ಚಪ್ಪಟೆಯಾಗುವುದು ಇದಕ್ಕೇ.

ಉತ್ತರದ ಕಿಟಕಿಯ ಬೆಳಕು ಇಡೀ ದಿನ ಒಂದೇ ಥರ ಇರುತ್ತದೆ ಅಂತ ಓದಿರುತ್ತೀರಿ. ಆ ಮಾತು ಹುಟ್ಟಿದ್ದು ಯುರೋಪಿನಲ್ಲಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ 18ರ ಸುಮಾರಿಗೆ ವಾಪಸ್ ಬರುತ್ತಾನೆ. ಆ ತಿಂಗಳುಗಳಲ್ಲಿ ಮೋಡ ಇಲ್ಲದ ದಿನ ಉತ್ತರದ ಕಿಟಕಿಗೂ ನೇರ ಬಿಸಿಲು ಬರಬಹುದು. ಆಗ ತೆಳು ಬಿಳಿ ಪರದೆ ಎಳೆದುಕೊಳ್ಳಿ, ಇಲ್ಲವೇ ದಕ್ಷಿಣದ ಕಿಟಕಿಗೆ ಕುರ್ಚಿ ತಿರುಗಿಸಿ.

ಆ ಎರಡು ದಿನಗಳಲ್ಲಿ ಮಧ್ಯಾಹ್ನ ಹನ್ನೆರಡೂಕಾಲರ ಆಚೆ ಈಚೆ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ತೋರಿಸುವುದು ಇದನ್ನೇ. ಹೊರಗೆ ಕೂತು ಬಿಡಿಸುವವರಿಗೆ ಇದರಲ್ಲಿ ಪಾಠ ಇದೆ. ನಮ್ಮಲ್ಲಿ ನಡುಹಗಲಿನ ಬಿಸಿಲು ವರ್ಷದ ಹೆಚ್ಚು ಕಾಲ ಮೇಲಿಂದ ಬೀಳುತ್ತದೆ. ಡಿಸೆಂಬರಿನಲ್ಲೂ ಮಧ್ಯಾಹ್ನ ಸೂರ್ಯ 53–54 ಡಿಗ್ರಿ ಎತ್ತರದಲ್ಲಿರುತ್ತಾನೆ, ಕಂಬದ ನೆರಳು ಕಂಬದ ಮುಕ್ಕಾಲು ಪಾಲು ಮಾತ್ರ. ಮುಖಗಳಲ್ಲಿ ಕಣ್ಣು ಗುಳಿ ಬಿದ್ದಂತೆ ಕಾಣುತ್ತದೆ, ಕಟ್ಟಡಗಳ ಗೋಡೆಗಳು ಚಪ್ಪಟೆಯಾಗುತ್ತವೆ.

ವಿಧಾನಸೌಧದ ಮುಂಭಾಗ ಪೂರ್ವಕ್ಕಿದೆ. ಮೆಟ್ಟಿಲ ಮೇಲಿನ ಕಂಬಗಳು ಉರುಟಾಗಿ ಕಾಣಬೇಕೆಂದರೆ ಬೆಳಗ್ಗೆ ಹೋಗಿ, ಬಿಸಿಲು ಓರೆಯಾಗಿರುವಾಗ. ಮಧ್ಯಾಹ್ನ ಮೂರಕ್ಕೆ ಹೋಗಿ ಕೂತರೆ ಮುಂಭಾಗ ಪೂರ್ತಿ ನೆರಳಲ್ಲಿರುತ್ತದೆ. ನೀವು ಎಷ್ಟೇ ಒದ್ದಾಡಿದರೂ ಇಲ್ಲದ ಬೆಳಕು-ನೆರಳಿನ ವ್ಯತ್ಯಾಸ ಸಿಗುವುದಿಲ್ಲ ಅಲ್ವಾ? ಇನ್ನೊಂದು: ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎರಡು ಗಂಟೆ ಕೂತು ಬರೆದ ಚಿತ್ರದಲ್ಲಿ ಎಡಗಡೆಯ ಕಂಬದ ನೆರಳು ಒಂದು ದಿಕ್ಕಿಗೆ, ಬಲಗಡೆಯದ್ದು ಇನ್ನೊಂದಕ್ಕೆ ಬಿದ್ದಿರುತ್ತದೆ. ಕೂತ ಮೊದಲ ಹತ್ತು ನಿಮಿಷದಲ್ಲೇ ಎಲ್ಲಾ ನೆರಳಿನ ಅಂಚುಗಳನ್ನು ತೆಳು ಗೆರೆಯಲ್ಲಿ ಗುರುತು ಹಾಕಿ, ಆಮೇಲೆ ಸೂರ್ಯನನ್ನು ನಂಬಬೇಡಿ.

ಲಕ್ಷಣ: ಕಪ್ಪೂ ಇದೆ, ಬಿಳಿಯೂ ಇದೆ, ಆದರೂ ಉಬ್ಬುತ್ತಿಲ್ಲ

ಇದು ಸ್ವಲ್ಪ ಕಲಿತವರ ದೋಷ, ಹಾಗಾಗಿ ಹಿಡಿಯುವುದೂ ಕಷ್ಟ. ಇದಕ್ಕೆ ಕಾರಣ ಹೆಚ್ಚಾಗಿ ನೆರಳಿನೊಳಗಿನ ಬೆಳಕು.

ಒಂದು ಚೆಂಡಿನ ಮೇಲೆ ಬೆಳಕು ಬಿದ್ದಾಗ ಬೆಳಕಿನ ಭಾಗ, ಅದು ಮಂದವಾಗುತ್ತಾ ಬರುವ ಭಾಗ, ಬೆಳಕು ತಲುಪದ ನೆರಳಿನ ಭಾಗ ಇರುತ್ತವೆ. ನೆರಳು ಶುರುವಾಗುವ ಗಡಿಯ ಸ್ವಲ್ಪ ಆಚೆ ಅತ್ಯಂತ ಗಾಢವಾದ ಒಂದು ಪಟ್ಟಿ. ಅಲ್ಲಿಂದ ಅಂಚಿನ ಕಡೆಗೆ ಹೋದರೆ ಮತ್ತೆ ತುಸು ತಿಳಿ, ಏಕೆಂದರೆ ಮೇಜಿನಿಂದ ಪುಟಿದ ಬೆಳಕು ಅಲ್ಲಿಗೆ ಬರುತ್ತದೆ. ಈ ಪುಟಿದ ಬೆಳಕು ಕಂಡ ಖುಷಿಗೆ ಜನ ಅದನ್ನು ಸಿಕ್ಕಾಪಟ್ಟೆ ಬೆಳಗಿಸುತ್ತಾರೆ. ಆಗ ಚೆಂಡಿಗೆ ಎರಡು ಕಡೆಯಿಂದ ಬೆಳಕು ಬಿದ್ದ ಹಾಗಾಗಿ ನಡುವೆ ಒಂದು ಕಪ್ಪು ಪಟ್ಟೆ ಮಾತ್ರ ಉಳಿಯುತ್ತದೆ.

ಕಣ್ಣು ಯಾಕೆ ಮೋಸ ಹೋಗುತ್ತದೆ? ಅದು ಒಂದು ಬೂದನ್ನು ಒಂಟಿಯಾಗಿ ಅಳೆಯುವುದಿಲ್ಲ, ಪಕ್ಕದ್ದರ ಜೊತೆ ಹೋಲಿಸಿ ಅಳೆಯುತ್ತದೆ. ಗಾಢ ಪಟ್ಟಿಯ ಪಕ್ಕದಲ್ಲಿರುವ ಮಂದ ಬೆಳಕು ಅದಕ್ಕೆ ಜೋರು ಬೆಳಕಾಗಿ ಕಾಣುತ್ತದೆ. 1995ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೃಷ್ಟಿ ವಿಜ್ಞಾನಿ ಎಡ್ವರ್ಡ್ ಆಡಲ್‌ಸನ್ ಇದನ್ನು ಒಂದು ಚಿತ್ರದಲ್ಲಿ ತೋರಿಸಿದರು. ಚದುರಂಗದ ಮಣೆಯಂಥ ಹಲಗೆ, ಅದರ ಮೇಲೊಂದು ಸಿಲಿಂಡರ್, ಸಿಲಿಂಡರಿನ ನೆರಳು ಹಲಗೆಯ ಮೇಲೆ. ನೆರಳಿನೊಳಗಿರುವ ಒಂದು ಬಿಳಿ ಚೌಕ ಮತ್ತು ಹೊರಗಿರುವ ಒಂದು ಕಪ್ಪು ಚೌಕ, ಎರಡರ ಬೂದೂ ನಿಜಕ್ಕೂ ಒಂದೇ. ಗೊತ್ತಿದ್ದು ನೋಡಿದರೂ ಕಣ್ಣು ಒಪ್ಪುವುದಿಲ್ಲ. ನೋಡದವರು ಒಮ್ಮೆ ಹುಡುಕಿ ನೋಡಿ.

ಈಗ ತೂತಿನ ರಟ್ಟು ತೆಗೆಯಿರಿ. ಒಂದು ತೂತು ನೆರಳಿನೊಳಗಿನ ಅತ್ಯಂತ ತಿಳಿ ಜಾಗದ ಮೇಲೆ, ಇನ್ನೊಂದು ಬೆಳಕಿನ ಭಾಗದ ಅತ್ಯಂತ ಮಂದ ಜಾಗದ ಮೇಲೆ. ವಸ್ತು ಒಂದೇ ಬಣ್ಣದ್ದಾದರೆ ಮೊದಲನೆಯದು ಎರಡನೆಯದಕ್ಕಿಂತ ಕಪ್ಪಾಗಿಯೇ ಇರಬೇಕು. ಇಲ್ಲದಿದ್ದರೆ ನೆರಳಿನ ಭಾಗ ಪೂರ್ತಿಯ ಮೇಲೆ 2ಬಿಯಲ್ಲಿ ಒಂದು ಪದರ ಹಾಯಿಸಿ. ಒಳಗಿನ ವಿವರ ಹೋಗುತ್ತದಲ್ಲ ಅಂತ ಸಂಕಟ ಆಗುತ್ತದೆ, ಹೋಗಲಿ ಬಿಡಿ. ಚೆಂಡು ಅಲ್ಲೇ ಉಬ್ಬುವುದನ್ನು ನೋಡುತ್ತೀರಿ.

ಬಣ್ಣ ಬೇರೆಯಾದರೆ ಲೆಕ್ಕ ಬೇರೆ. ಬದನೆಕಾಯಿ ಪಕ್ಕದಲ್ಲಿ ನಿಂಬೆಹಣ್ಣು ಇಟ್ಟರೆ ಬದನೆಯ ಬೆಳಕಿನ ಭಾಗವೇ ನಿಂಬೆಯ ನೆರಳಿಗಿಂತ ಕಪ್ಪಿರಬಹುದು. ನೆರಳು ಅಂದರೆ ಕಪ್ಪು, ಬೆಳಕು ಅಂದರೆ ಬಿಳಿ ಅಂತ ಗಂಟು ಹಾಕಿಕೊಂಡವರು ಇಲ್ಲಿ ಎಡವುತ್ತಾರೆ.

ಲಕ್ಷಣ: ಹೈಲೈಟ್ ಇಟ್ಟರೂ ಹೊಳೆಯುತ್ತಿಲ್ಲ

ಮೊದಲ ಪ್ರಶ್ನೆ: ಆ ವಸ್ತು ನಿಜಕ್ಕೂ ಹೊಳೆಯುತ್ತದಾ? ಸಪೋಟದ ಸಿಪ್ಪೆಗೆ ಹೊಳಪಿಲ್ಲ. ಅದಕ್ಕೆ ಬಿಳಿ ಚುಕ್ಕೆ ಇಟ್ಟರೆ ಗಾಜಿನ ಗೋಲಿಯಾಗುತ್ತದೆ. ಅಂಥದ್ದಕ್ಕೆ ಬೆಳಕಿಗೆ ಮುಖ ಮಾಡಿದ ಭಾಗವನ್ನು ಅಗಲವಾಗಿ ತಿಳಿ ಬಿಟ್ಟರೆ ಸಾಕು.

ಹೊಳೆಯುವ ವಸ್ತುವಿನಲ್ಲಿ ಹೈಲೈಟ್ ಅನ್ನುವುದು ಬೆಳಕಿನ ಮೂಲದ ಪ್ರತಿಬಿಂಬ. ಅದರ ಜಾಗ ಬೆಳಕನ್ನು ಮಾತ್ರವಲ್ಲ, ನಿಮ್ಮ ಕಣ್ಣನ್ನೂ ಅವಲಂಬಿಸಿದೆ. ತಲೆ ಅಲ್ಲಾಡಿಸಿದರೆ ಅದೂ ಸರಿಯುತ್ತದೆ, ನೆರಳಿನ ಗಡಿ ಮಾತ್ರ ಅಲ್ಲಾಡುವುದಿಲ್ಲ. ಹಾಗಾಗಿ ಹೈಲೈಟ್ ಗುರುತು ಮಾಡುವಾಗ ಒಂದೇ ಕಡೆ ಕೂತಿರಿ. ಕಿಟಕಿ ಬೆಳಕಾದರೆ ಸ್ಟೀಲ್ ಲೋಟದ ಮೇಲೆ ಕಿಟಕಿಯದೇ ಆಕಾರ, ಸರಳುಗಳ ಸಮೇತ, ಬಾಗಿ ಕಾಣುತ್ತದೆ. ಅಲ್ಲಿ ಉರುಟು ಚುಕ್ಕೆ ಇಡುವುದು ಸುಮ್ನೆ ಅಭ್ಯಾಸಬಲ.

ಜಾಗ ಸರಿಯಿದ್ದೂ ಹೊಳೆಯದಿದ್ದರೆ ಸುತ್ತಲಿನದು ತೀರಾ ತಿಳಿಯಾಗಿದೆ. ಹಾಳೆಗಿಂತ ಬಿಳಿ ಪೆನ್ಸಿಲ್ ಚಿತ್ರದಲ್ಲಿ ಇರಲು ಸಾಧ್ಯವಿಲ್ಲ. ಹೊಳಪು ಜಾಸ್ತಿ ಮಾಡಬೇಕಾದರೆ ಪಕ್ಕದ್ದನ್ನು ಕಪ್ಪು ಮಾಡಬೇಕು. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಗೆ ಹೋಗಿ ನಂದಿಯನ್ನು ನೋಡಿ. ಎಣ್ಣೆ ಕುಡಿದು ಕಪ್ಪಾದ ಕಲ್ಲು. ಮೈಯ ಬಹುಭಾಗ ಗಾಢ, ಡುಬ್ಬದ ಮೇಲೆ, ಹಣೆಯ ಮೇಲೆ ಸಣ್ಣ ಚೂಪು ಹೊಳಪು. ಆ ಚೂರುಗಳಿಂದಲೇ ಇಡೀ ಗಾತ್ರ ತಿಳಿಯುತ್ತದೆ. ಅದೇ ನಂದಿಯನ್ನು ಮಕ್ಕಳು ಬೂದು ಮಾಡಿ, ಬೆನ್ನ ತುಂಬ ಬಿಳಿ ಬಿಟ್ಟು ಬಿಡಿಸಿದರೆ ಕಲ್ಲು ಹೋಗಿ ಸಿಮೆಂಟ್ ಬರುತ್ತದೆ.

ಮುಖ ಬರೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ವಿಡಿಯೋ ಪಾಠಗಳಲ್ಲಿ ಬಿಳಿ ಚರ್ಮದ ಮುಖ ಬರೆಯುವವರು ಬೆಳಕಿನ ಭಾಗಕ್ಕೆ ಬರೀ ಹಾಳೆ ಬಿಡುತ್ತಾರೆ. ಅದನ್ನೇ ನಮ್ಮ ಮೈಬಣ್ಣಕ್ಕೆ ಮಾಡಿದರೆ ಮುಖ ಪೌಡರ್ ಹಚ್ಚಿದಂತಾಗುತ್ತದೆ, ಹೈಲೈಟಿಗೆ ಜಾಗವೇ ಉಳಿಯುವುದಿಲ್ಲ. ಮೊದಲು ಮುಖ ಪೂರ್ತಿಗೆ ಒಂದು ನಡುವಿನ ಬೂದು ಹಾಸಿ. ಆಮೇಲೆ ಮೂಗಿನ ತುದಿ, ಹಣೆ, ಕೆಳತುಟಿಯಲ್ಲಿ ರಬ್ಬರಿನಿಂದ ಎತ್ತಿ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಅಲ್ಲೇ ಕೂತು ಪೋರ್ಟ್ರೇಟ್ ಬರೆದುಕೊಡುವವರು ಸಿಗುತ್ತಾರೆ. ಅವರ ಹಿಂದೆ ಸ್ವಲ್ಪ ಹೊತ್ತು ನಿಂತು, ಬಿಳಿಯನ್ನು ಯಾವಾಗ ತೆಗೆಯುತ್ತಾರೆ ಅಂತ ನೋಡಿ.

ಲಕ್ಷಣ: ವಸ್ತು ಗಾಳಿಯಲ್ಲಿ ತೇಲುತ್ತಿದೆ

ಬಿದ್ದ ನೆರಳನ್ನು ಒಂದೇ ಸಮ ಬೂದು ಮಾಡಿರುತ್ತೀರಿ. ವಸ್ತು ನೆಲ ಮುಟ್ಟುವ ಸಂದಿನಲ್ಲಿ ಯಾವ ಬೆಳಕೂ ಹೋಗುವುದಿಲ್ಲ, ಅಲ್ಲಿ ಒಂದು ತೆಳುವಾದ ಕಡುಕಪ್ಪು ಗೆರೆ ಬೇಕು. ಅಲ್ಲಿಂದ ದೂರ ಹೋದಂತೆ ನೆರಳು ತಿಳಿಯಾಗುತ್ತಾ, ಅಂಚು ಮಸುಕಾಗುತ್ತಾ ಹೋಗಬೇಕು. ಸೂರ್ಯ ಒಂದು ಚುಕ್ಕೆಯಲ್ಲ, ನಮಗೆ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ಅದಕ್ಕೇ ನೆರಳು ಒಂದು ಮೀಟರ್ ದೂರ ಬಿದ್ದರೆ ಅಂಚು ಸುಮಾರು 9 ಮಿಲಿಮೀಟರ್ ಮಸುಕಾಗಿರುತ್ತದೆ. ಕಬ್ಬನ್ ಪಾರ್ಕಿನ ಮರದಡಿ ಬೀಳುವ ಬಿಸಿಲಿನ ಚೂರುಗಳೂ ಹೀಗೇ. ಎಲೆಗಳ ಸಂದು ಯಾವ ಆಕಾರದ್ದಾದರೂ ನೆಲದ ಮೇಲೆ ಬೀಳುವುದು ಉರುಟು ಇಲ್ಲವೇ ಮೊಟ್ಟೆಯಾಕಾರದ ಸೂರ್ಯನ ಬಿಂಬಗಳು. ಅಲ್ಲಿ ಎಲೆಯಾಕಾರದ ಚೂಪು ನೆರಳು ಬರೆದರೆ ಮರ ನೆಲಕ್ಕೆ ಅಂಟಿಕೊಂಡಂತೆ ಕಾಣುತ್ತದೆ.

ಸುತ್ತಲೂ ಒಂದೇ ದಪ್ಪದ ಹೊರಗೆರೆ ಇದ್ದರೂ ಚಿತ್ರ ಚಪ್ಪಟೆಯಾಗುತ್ತದೆ. ಬೆಳಕಿನ ಕಡೆ ಆ ಗೆರೆಯನ್ನು ಅಳಿಸಿ, ಹಿನ್ನೆಲೆಯನ್ನು ತುಸು ಕಪ್ಪು ಮಾಡಿ. ಅಷ್ಟೇ.

ಸಾಮಾನಿನ ದೋಷಗಳು

ಕಪ್ಪು ಮಾಡಿದ ಜಾಗ ಕನ್ನಡಿಯಂತೆ ಮಿರುಗುತ್ತಿದ್ದರೆ ಗ್ರಾಫೈಟನ್ನು ಜಾಸ್ತಿ ಒತ್ತಿದ್ದೀರಿ. ಗ್ರಾಫೈಟ್ ಪದರ ಪದರವಾಗಿರುವ ಇಂಗಾಲ. ಒತ್ತಿದಾಗ ಪದರಗಳೆಲ್ಲ ಮಟ್ಟಸವಾಗಿ ಮಲಗಿ ಬೆಳಕನ್ನು ವಾಪಸ್ ಕಳಿಸುತ್ತವೆ. ಹಾಗಾದ ಜಾಗದ ಮೇಲೆ ಇನ್ನೊಂದು ಪದರ ಹತ್ತುವುದೂ ಇಲ್ಲ. ಗಟ್ಟಿ ಪೆನ್ಸಿಲಿನಲ್ಲಿ ಒತ್ತುವ ಬದಲು ಮೆತ್ತನೆಯದರಲ್ಲಿ ಹಗುರಾಗಿ ಹಲವು ಪದರ ಹಾಕಿ. ಪೂರ್ತಿ ಮಂಕು ಕಪ್ಪೇ ಬೇಕಾದರೆ ಆ ಜಾಗಕ್ಕೆ ಮೊದಲೇ ಇದ್ದಿಲು ಹಾಕಿ. ಗ್ರಾಫೈಟಿನ ಮೇಲೆ ಇದ್ದಿಲು ಸರಿಯಾಗಿ ನಿಲ್ಲುವುದಿಲ್ಲ.

ಮಚ್ಚೆ ಮಚ್ಚೆಯಾಗಿದ್ದರೆ ಬೆರಳಿನ ಎಣ್ಣೆಯ ಕೆಲಸ. ಬೆರಳಿನಲ್ಲಿ ಉಜ್ಜುವುದನ್ನು ಬಿಡಿ, ಅಂಗೈ ಕೆಳಗೆ ಒಂದು ಚೂರು ಹಾಳೆ ಇಟ್ಟುಕೊಳ್ಳಿ. ಪೇಪರ್ ಸ್ಟಂಪ್ ಬಳಸಿದರೂ ನೆರಳಿನ ಒಳಗೆ ಮಾತ್ರ. ಅದರ ಕೊಳೆ ತುದಿಯನ್ನು ಬೆಳಕಿನ ಭಾಗಕ್ಕೆ ತಂದರೆ ಅಲ್ಲಿಯೂ ಬೂದು ಹರಡುತ್ತದೆ. ಉಜ್ಜದೆಯೇ ಕೆಲಸ ಆಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಹಳೆಯ ಸಾಕ್ಷಿ ಇದೆ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯ ಬಗ್ಗೆ ಇರುವ ಚಿತ್ರಸೂತ್ರ ಭಾಗ ಛಾಯೆ ಕೊಡುವ ಮೂರು ವಿಧಾನ ಹೇಳುತ್ತದೆ, ಅದರಲ್ಲಿ ಗೆರೆಗಳದ್ದೂ ಇದೆ, ಚುಕ್ಕೆಗಳದ್ದೂ ಇದೆ. ಗೀರು ಹಾಕುವುದಾದರೆ ಅದು ವಸ್ತುವಿನ ಮೈ ಬಾಗಿದ ಕಡೆಗೇ ಬಾಗಲಿ. ಉರುಟು ಚೊಂಬಿನ ಮೇಲೆ ನೇರ ಗೀರು ಹಾಕಿದರೆ ಅದು ತಗಡಾಗುತ್ತದೆ.

ರಬ್ಬರ್ ಹಾಕಿದರೂ ಬಿಳಿ ಬರುತ್ತಿಲ್ಲ ಅಂದರೆ ಪೆನ್ಸಿಲ್ ಒತ್ತಿ ಹಾಳೆಯಲ್ಲಿ ಗುಂಡಿ ಬಿದ್ದಿದೆ. ಗುಂಡಿಯೊಳಗಿನ ಗ್ರಾಫೈಟ್ ಹೊರಗೆ ಬರುವುದಿಲ್ಲ, ಜಾಸ್ತಿ ತಿಕ್ಕಿದರೆ ಹಾಳೆ ಜುಂಗು ಏಳುತ್ತದೆ. ಹಿಟ್ಟಿನಂತೆ ನಾದಬಹುದಾದ ನೀಡೆಡ್ ರಬ್ಬರ್ ಇಟ್ಟುಕೊಳ್ಳಿ. ಅದನ್ನು ಚೂಪು ಮಾಡಿ ತಿಕ್ಕದೆ ಒತ್ತಿ ಎತ್ತಬೇಕು. ಮುಂದಿನ ಸಲ ಹೈಲೈಟಿನ ಜಾಗವನ್ನು ಮೊದಲೇ ಬಿಟ್ಟುಕೊಂಡು ಬನ್ನಿ. ತೀರಾ ಬೇಕಾದರೆ ಬಿಳಿ ಜೆಲ್ ಪೆನ್ನಿನಲ್ಲಿ ಒಂದು ಚುಕ್ಕೆ ಇಡಬಹುದು. ಎರಡನೇ ಚುಕ್ಕೆ ಇಡುವ ಮುಂಚೆ ಪೆನ್ನಿನ ಕ್ಯಾಪ್ ಹಾಕಿಬಿಡಿ.

ಹಾಳೆಯ ಮೇಲೆ ಚೆನ್ನಾಗಿದ್ದು ಫೋಟೋದಲ್ಲಿ ಮಾತ್ರ ಕಪ್ಪೆಲ್ಲ ಬೆಳ್ಳಗಾಗುತ್ತಿದ್ದರೆ ಮತ್ತೆ ಶೇಡಿಂಗ್ ಮಾಡಲು ಹೋಗಬೇಡಿ. ಅದು ಗ್ರಾಫೈಟಿನ ಮಿರುಗು. ಚಿತ್ರವನ್ನು ಕಿಟಕಿಗೆ ಓರೆಯಾಗಿ, ನೇರ ಬಿಸಿಲಿಲ್ಲದ ಕಡೆ ಇಟ್ಟು, ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಫ್ಲ್ಯಾಶ್ ಬೇಡ. ಫಿಕ್ಸೆಟಿವ್ (ಗ್ರಾಫೈಟ್ ಉದುರದಂತೆ ಹಿಡಿಯುವ ಸ್ಪ್ರೇ) ಹೊಡೆದರೆ ಮಿರುಗು ತುಸು ತಗ್ಗುತ್ತದೆ, ಆದರೆ ಆಮೇಲೆ ರಬ್ಬರ್ ಕೆಲಸ ಮಾಡುವುದಿಲ್ಲ. ಹೈಲೈಟ್‌ಗಳನ್ನೆಲ್ಲ ಎತ್ತಿ ಮುಗಿಸಿದ ಮೇಲೆ, ಟೆರೇಸಿನಲ್ಲೋ ಬಾಲ್ಕನಿಯಲ್ಲೋ ನಿಂತು ಹೊಡೆಯಿರಿ.